ಸಂಬಳ ಜಾಸ್ತಿ ಕೇಳೋಣವೇ, ಬೇಡವೇ?



ನಮ್ಮಲ್ಲಿ ಎಷ್ಟೋ ಜನ ಮನೆಗೆಲಸಕ್ಕೆ ಹೋಗುತ್ತೇವೆ. ಪಾತ್ರೆ ತೊಳೆಯುತ್ತೇವೆ. ಕಸ ಗುಡಿಸಿ ನೆಲ ಒರೆಸುತ್ತೇವೆ. ಬಟ್ಟೆ ಒಗೆಯುತ್ತೇವೆ. ಕೆಲವರು ಅಡುಗೆ ಮಾಡುತ್ತೇವೆ, ಮಗು ನೋಡಿಕೊಳ್ಳುತ್ತೇವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಯಾವ ಊರಾದರೂ ಸರಿ. ಬೆಳಗ್ಗೆ ಆರೂವರೆಗೆ ಬೀದಿಯಲ್ಲಿ ಬಿರಬಿರನೆ ನಡೆಯುವವರು ಯಾರು ನೋಡಿ. ಒಬ್ಬರು ಹಾಲಿನವರು. ಇನ್ನೊಬ್ಬರು ಪೇಪರಿನವರು. ಮಿಕ್ಕವರೆಲ್ಲ ನಾವೇ.

ಈ ಕೆಲಸದಲ್ಲಿ ಒಂದು ಮಾತು ಬಾಯಿಗೆ ಬರುವುದು ಬಹಳ ಕಷ್ಟ. "ಅಮ್ಮಾ, ಸಂಬಳ ಜಾಸ್ತಿ ಮಾಡಿ." ನಾಲ್ಕೇ ಪದ. ಆದರೆ ಗಂಟಲಲ್ಲೇ ನಿಂತುಬಿಡುತ್ತದೆ. ಇವತ್ತು ಕೇಳಿಯೇ ಬಿಡೋಣ ಅಂತ ಮನೆಯಿಂದ ಹೊರಡುತ್ತೇವೆ. ಬಾಗಿಲು ತೆಗೆದ ಅಮ್ಮನ ಮುಖ ನೋಡಿ ಸುಮ್ಮನಾಗುತ್ತೇವೆ. ಪಾತ್ರೆ ತೊಳೆದು ವಾಪಸ್ ಬಂದುಬಿಡುತ್ತೇವೆ. ಯುಗಾದಿ ಹೋಗುತ್ತದೆ, ದೀಪಾವಳಿ ಹೋಗುತ್ತದೆ, ಸಂಬಳ ಮಾತ್ರ ಇದ್ದಲ್ಲೇ ಇರುತ್ತದೆ.

ಯಾಕೆ ಹೆದರಿಕೆ? "ನಾಳೆಯಿಂದ ಬರಬೇಡ" ಅಂದುಬಿಟ್ಟರೆ ಏನು ಗತಿ ಅನ್ನೋ ಹೆದರಿಕೆ. ಇದು ಸುಳ್ಳು ಹೆದರಿಕೆ ಅಲ್ಲ. ಹಾಗೆ ಅಂದವರೂ ಇದ್ದಾರೆ. ಅದಕ್ಕೇ ಈ ಪಾಠದಲ್ಲಿ "ಧೈರ್ಯವಾಗಿ ಕೇಳಿ" ಅಂತ ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಧೈರ್ಯ ಹೇಳುವವರು ಬಾಡಿಗೆ ಕಟ್ಟುವುದಿಲ್ಲ. ಕಟ್ಟಬೇಕಾದವರು ನಾವು. ಆದ್ದರಿಂದ ಕೇಳುವ ಮೊದಲು ಏನೇನು ಲೆಕ್ಕ ಹಾಕಬೇಕು, ಅದನ್ನು ನೋಡೋಣ. ಕೂಡುವುದು, ಕಳೆಯುವುದು, ಭಾಗಿಸುವುದು ಕಲಿತಿದ್ದೇವಲ್ಲ. ಈಗ ಅದಕ್ಕೆ ಕೆಲಸ ಕೊಡೋಣ.

ಗಂಟೆಗೆ ಎಷ್ಟು ಬಿತ್ತು?

ಯಾವ ಮನೆಯಲ್ಲಿ ಒಳ್ಳೆ ಸಂಬಳ ಅಂತ ಕೇಳಿದರೆ ತಿಂಗಳ ದುಡ್ಡು ಹೇಳುವುದು ರೂಢಿ. ಆ ಮನೆಯಲ್ಲಿ ಮೂರು ಸಾವಿರ. ಈ ಮನೆಯಲ್ಲಿ ಎರಡು ಸಾವಿರ. ಇಷ್ಟರಿಂದ ಏನೂ ಗೊತ್ತಾಗುವುದಿಲ್ಲ. ಎಷ್ಟು ಹೊತ್ತು ದುಡಿದು ಮೂರು ಸಾವಿರ? ಅದು ಗೊತ್ತಾಗಬೇಕು.

ಒಂದು ಲೆಕ್ಕ ಮಾಡೋಣ. ಒಬ್ಬ ಅಕ್ಕ ಎರಡು ಮನೆ ಮಾಡುತ್ತಾಳೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಎರಡು ದಿನ ರಜ. 28 ದಿನ ಕೆಲಸ.

ಮೊದಲನೇ ಮನೆ. ದಿನಕ್ಕೆ 2 ಗಂಟೆ. 28 ದಿನಕ್ಕೆ 56 ಗಂಟೆ. ಸಂಬಳ 3000 ರೂಪಾಯಿ. 3000ವನ್ನು 56ರಿಂದ ಭಾಗಿಸಿ. ಗಂಟೆಗೆ 53 ರೂಪಾಯಿ ಚಿಲ್ಲರೆ.

ಎರಡನೇ ಮನೆ. ದಿನಕ್ಕೆ 1 ಗಂಟೆ. 28 ದಿನಕ್ಕೆ 28 ಗಂಟೆ. ಸಂಬಳ 2000 ರೂಪಾಯಿ. 2000ವನ್ನು 28ರಿಂದ ಭಾಗಿಸಿ. ಗಂಟೆಗೆ 71 ರೂಪಾಯಿ ಚಿಲ್ಲರೆ.

ನೋಡಿದಿರಾ? ದೊಡ್ಡ ಸಂಬಳದ ಮನೆಯೇ ಕಡಿಮೆ ಕೊಡುತ್ತಿದೆ. ಜಾಸ್ತಿ ಕೇಳುವುದಾದರೆ ಮೊದಲು ಅಲ್ಲಿ ಕೇಳಬೇಕು.

ಹೊತ್ತನ್ನು ಹೇಗೆ ಅಳೆಯಬೇಕು? ಬೆಲ್ ಒತ್ತಿದ ಹೊತ್ತಿನಿಂದ ಚಪ್ಪಲಿ ಮೆಟ್ಟಿಕೊಂಡ ಹೊತ್ತಿನವರೆಗೆ. ಮನೆಯವರು ಇನ್ನೂ ಎದ್ದಿಲ್ಲ ಅಂತ ಮೆಟ್ಟಿಲ ಮೇಲೆ ಕೂತಿದ್ದು ಲೆಕ್ಕಕ್ಕೆ ಸೇರುತ್ತದೆ. "ಇನ್ನೊಂದು ಸ್ವಲ್ಪ ತಾಳು, ತಿಂಡಿ ತಟ್ಟೆ ಬರಲಿ" ಅಂತ ಕಾಯಿಸಿದ್ದೂ ಸೇರುತ್ತದೆ. ಆ ಹೊತ್ತು ನಮ್ಮದು. ಆ ಹೊತ್ತಿನಲ್ಲಿ ಇನ್ನೊಂದು ಮನೆ ಮಾಡಬಹುದಿತ್ತು.

ಒಂದು ವಾರ ಬರೆದಿಟ್ಟು ನೋಡಿ. ಎರಡು ಗೆರೆ ನೋಟ್‌ಬುಕ್ ಸಾಕು. ತಾರೀಖು, ಹೋದ ಹೊತ್ತು, ಬಂದ ಹೊತ್ತು. ಗಡಿಯಾರ ಇಲ್ಲದಿದ್ದರೆ ಫೋನಿನಲ್ಲಿ ಹೊತ್ತು ಕಾಣುತ್ತದೆ. ನಾವು ಒಂದು ಗಂಟೆ ಕೆಲಸ ಅಂದುಕೊಂಡಿದ್ದು ಎಷ್ಟೋ ಸಲ ಒಂದೂವರೆ ಗಂಟೆ ಆಗಿರುತ್ತದೆ.

ಇದೊಂದು ಮಾಡಿಬಿಡು

ಕೆಲಸಕ್ಕೆ ಸೇರಿದ ದಿನ ಏನು ಮಾತಾಗಿತ್ತು ನೆನಪಿದೆಯಾ? ಬರೀ ಪಾತ್ರೆ ಮತ್ತು ನೆಲ. ಆಮೇಲೆ ಒಂದು ದಿನ ಅಮ್ಮ ಅಂದರು, "ಬರ್ತಾ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟುಬಿಡು." ಇನ್ನೊಂದು ದಿನ, "ತರಕಾರಿ ಹೆಚ್ಚಿಕೊಟ್ಟು ಹೋಗು." ಆಮೇಲೆ ಗಿಡಕ್ಕೆ ನೀರು. ಆಮೇಲೆ ಬಚ್ಚಲು. ಸೇರಿದಾಗ ಮನೆಯಲ್ಲಿ ಇಬ್ಬರಿದ್ದರು. ಈಗ ಊರಿಂದ ಅತ್ತೆ ಮಾವ ಬಂದಿದ್ದಾರೆ. ಮಗು ಹುಟ್ಟಿದೆ. ಪಾತ್ರೆ ದುಪ್ಪಟ್ಟಾಗಿದೆ. ಸಂಬಳ ಇಬ್ಬರಿದ್ದಾಗಿನದೇ.

ಬಟ್ಟೆ ಒಗೆಯುವ ಮಷಿನ್ ಕತೆ ಇನ್ನೂ ಚೆನ್ನಾಗಿದೆ. ಮಷಿನ್ ತಂದ ತಿಂಗಳೇ ಸಂಬಳದಲ್ಲಿ ಐನೂರು ಕಡಿಮೆ ಮಾಡುತ್ತಾರೆ. "ಇನ್ಮೇಲೆ ನಿನಗೆ ಬಟ್ಟೆ ಕೆಲಸ ಇಲ್ವಲ್ಲ" ಅನ್ನುತ್ತಾರೆ. ಸರಿ. ಆದರೆ ಕಾಲರ್ ಉಜ್ಜುವವರು ಯಾರು? ಮಷಿನ್‌ನಿಂದ ತೆಗೆದು ಮಹಡಿಗೆ ಹೊತ್ತು ಹರವುವವರು ಯಾರು? ಸಂಜೆ ಮಡಚಿಡುವವರು ಯಾರು? ಮಷಿನ್ ಅಷ್ಟು ದೂರ ನಡೆಯುವುದಿಲ್ಲ.

ಹೊಸ ಕೆಲಸ ಸೇರಿಕೊಂಡ ದಿನವೇ ಸಂಬಳದ ಮಾತು ಆಡುವುದು ಒಳ್ಳೆಯದು. "ಆಯ್ತಮ್ಮ, ಮಾಡ್ತೀನಿ. ಇದಕ್ಕೆ ಎಷ್ಟು ಕೊಡ್ತೀರಿ?" ಅಂತ ನಗುನಗುತ್ತಾ ಕೇಳಬಹುದು. ಆರು ತಿಂಗಳು ಪುಕ್ಕಟೆ ಮಾಡಿದ ಮೇಲೆ ಅದಕ್ಕೆ ದುಡ್ಡು ಕೇಳಿದರೆ ಅವರಿಗೂ ವಿಚಿತ್ರ ಅನ್ನಿಸುತ್ತದೆ. "ಇಷ್ಟು ದಿನ ಮಾಡ್ತಿದ್ದೆಯಲ್ಲ" ಅನ್ನುತ್ತಾರೆ.

ಹಳೆ ಕೆಲಸ ಎಷ್ಟು, ಹೊಸದಾಗಿ ಸೇರಿದ್ದು ಎಷ್ಟು, ಎರಡು ಸಾಲು ಮಾಡಿ ಬರೆದುಕೊಳ್ಳಿ. ಸಂಬಳ ಜಾಸ್ತಿ ಕೇಳುವಾಗ ಇದಕ್ಕಿಂತ ಗಟ್ಟಿಯಾದ ಮಾತು ಇನ್ನೊಂದಿಲ್ಲ. "ನನಗೆ ಕಷ್ಟ ಇದೆ" ಅನ್ನುವುದಕ್ಕಿಂತ "ಕೆಲಸ ಜಾಸ್ತಿ ಆಗಿದೆ" ಅನ್ನುವುದು ಮೇಲು. ಕಷ್ಟ ಹೇಳಿಕೊಂಡರೆ ಅವರು ಕನಿಕರ ತೋರಿಸುತ್ತಾರೆ, ನೂರು ರೂಪಾಯಿ ಕೈಗಿಡುತ್ತಾರೆ. ಮುಂದಿನ ತಿಂಗಳು ಆ ನೂರು ಇರುವುದಿಲ್ಲ. ಇದು ನಮ್ಮ ಅಭಿಪ್ರಾಯ. ಬೇರೆಯವರು ಬೇರೆ ಥರ ಹೇಳಬಹುದು.

ದುಡ್ಡು ಅಷ್ಟೇ ಇದ್ದರೂ ಕರಗುತ್ತದೆ

ಕೆಲಸ ಏನೂ ಜಾಸ್ತಿ ಆಗಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗ ಸಂಬಳ ಕೇಳುವುದು ಸರಿಯಾ?

ಇದನ್ನು ನೋಡಿ. ಮೂರು ವರ್ಷದ ಹಿಂದೆ ಎಲ್ಲ ಮನೆಯಿಂದ ಸೇರಿ ತಿಂಗಳಿಗೆ 8000 ರೂಪಾಯಿ ಬರುತ್ತಿತ್ತು ಅನ್ನಿ. ಮನೆ ಬಾಡಿಗೆ 3500. ಕೈಯಲ್ಲಿ ಉಳಿಯುತ್ತಿದ್ದದ್ದು 4500. ಈಗಲೂ 8000ವೇ ಬರುತ್ತದೆ. ಬಾಡಿಗೆ 4500 ಆಗಿದೆ. ಉಳಿಯುವುದು 3500. ಯಾರೂ ನಮ್ಮ ಸಂಬಳ ಕಡಿಮೆ ಮಾಡಿಲ್ಲ. ಆದರೂ ಸಾವಿರ ರೂಪಾಯಿ ಹೋಯಿತು. ಉಳಿದ ದುಡ್ಡಿಗೂ ಮೊದಲಿನಷ್ಟು ಎಣ್ಣೆ, ಬೇಳೆ ಬರುವುದಿಲ್ಲ.

ಸರ್ಕಾರಿ ನೌಕರರಿಗೆ ಇದಕ್ಕಾಗಿಯೇ ತುಟ್ಟಿಭತ್ಯೆ ಅಂತ ಕೊಡುತ್ತಾರೆ. ತುಟ್ಟಿ ಅಂದರೆ ಬೆಲೆ ಏರಿದ್ದು. ಬೆಲೆ ಏರಿದಂತೆ ಅದೂ ಏರುತ್ತದೆ. ಕರ್ನಾಟಕದಲ್ಲಿ ಕನಿಷ್ಠ ಕೂಲಿಯ ಜೊತೆಗೂ ತುಟ್ಟಿಭತ್ಯೆ ಇದೆ. ಪ್ರತಿ ವರ್ಷ ಏಪ್ರಿಲ್ 1ರಿಂದ ಹೊಸ ತುಟ್ಟಿಭತ್ಯೆ ಸೇರುತ್ತದೆ. ತುಟ್ಟಿಭತ್ಯೆ ಕೊಟ್ಟರೆ ಯಾರೂ ಸಾಹುಕಾರರಾಗುವುದಿಲ್ಲ. ಸಂಬಳ ಕರಗದ ಹಾಗೆ ಹಿಡಿದಿಟ್ಟದ್ದು, ಅಷ್ಟೇ. ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವ ಮನೆಯವರಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಅವರು ತಮ್ಮ ಆಫೀಸಿನಲ್ಲಿ ಕೇಳುವುದನ್ನೇ ನಾವು ಅವರ ಅಡುಗೆಮನೆಯಲ್ಲಿ ಕೇಳುತ್ತಿದ್ದೇವೆ.

ಇತ್ತೀಚೆಗೆ ಇನ್ನೊಂದು ಮಾತು ಶುರುವಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಬಂತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಸಂಬಳ ಜಾಸ್ತಿ ಕೇಳಿದರೆ ಕೆಲವರು ಇದನ್ನೇ ಎತ್ತುತ್ತಾರೆ. "ಬಸ್ಸು ಫ್ರೀ ಆಯ್ತು. ಸರ್ಕಾರ ಎರಡು ಸಾವಿರ ಕೊಡುತ್ತೆ. ನಿನಗಿನ್ನೇನು?" ಸರ್ಕಾರ ಕೊಡುವುದು ನಮ್ಮ ಮನೆ ನಡೆಯಲಿ ಅಂತ. ಅವರ ಮನೆಯ ಪಾತ್ರೆ ತೊಳೆದ ಕೂಲಿಯನ್ನು ಸರ್ಕಾರ ಕಟ್ಟುತ್ತಿಲ್ಲ. ಜಗಳ ಬೇಡ. "ಅದು ಬೇರೆ, ಇದು ಬೇರೆ ಅಮ್ಮಾ" ಅಂದರೆ ಸಾಕು.

ಹಳೆ ಸೀರೆ, ಮಿಕ್ಕ ಸಾರು

"ಸಂಬಳ ಒಂದೇನಾ? ಸೀರೆ ಕೊಟ್ಟಿಲ್ವಾ? ದಿನಾ ತಿಂಡಿ ಕೊಡಲ್ವಾ? ನೀನು ನಮ್ಮ ಮನೆಯವಳ ಹಾಗೆ ಅಲ್ವಾ?"

ಈ ಮಾತಿಗೆ ನಮ್ಮ ಬಾಯಿ ಕಟ್ಟಿಹೋಗುತ್ತದೆ. ತಿಂದ ಮನೆಗೆ ಎದುರು ಮಾತಾಡಬಾರದು ಅಂತ ಹಿರಿಯರು ಹೇಳಿಕೊಟ್ಟಿದ್ದಾರೆ. ಪ್ರೀತಿಯಿಂದ ಕೊಟ್ಟ ತಿಂಡಿಗೆ ಬೆಲೆ ಕಟ್ಟಬಾರದು, ಅದು ನಿಜ. ಆದರೆ ಅದನ್ನು ಅವರೇ ಸಂಬಳದ ಲೆಕ್ಕಕ್ಕೆ ತಂದಾಗ ನಾವೂ ಲೆಕ್ಕ ನೋಡಲೇಬೇಕಾಗುತ್ತದೆ. ಹಳೆ ಸೀರೆ ಕೊಟ್ಟರೆ ಬಾಡಿಗೆ ಸಾಹುಕಾರ ಒಪ್ಪುವುದಿಲ್ಲ. ಮಿಕ್ಕ ಸಾರು ಕೊಟ್ಟರೆ ಶಾಲೆ ಫೀಸು ಕಟ್ಟಲಾಗುವುದಿಲ್ಲ.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಆಯಿತು. ಗೇಟು ಹಾಕಿದರು. ಕೆಲವು ಮನೆಯವರು ಕೆಲಸ ಇಲ್ಲದಿದ್ದರೂ ಸಂಬಳ ಕಳಿಸಿದರು. ಅವರ ಋಣ ದೊಡ್ಡದು. ಬಹಳ ಮನೆಯವರು ಫೋನ್ ಕೂಡ ಮಾಡಲಿಲ್ಲ. "ಮನೆಯವಳ ಹಾಗೆ" ಅನ್ನುವ ಮಾತಿನ ತೂಕ ಎಷ್ಟು ಅಂತ ಆಗ ನಮಗೆ ತಿಳಿಯಿತು. ಯಾರು ಕಳಿಸಿದರು, ಯಾರು ಕಳಿಸಲಿಲ್ಲ, ಅದನ್ನೂ ಯೋಚನೆಯಲ್ಲಿ ಇಟ್ಟುಕೊಳ್ಳಿ. ಎಲ್ಲ ಮನೆಯೂ ಒಂದೇ ಅಲ್ಲ.

ಕಾನೂನು ಏನು ಹೇಳುತ್ತದೆ?

ಕೂಲಿಗೆ ಒಂದು ಕೆಳಗಿನ ಗೆರೆ ಇದೆ. ಅದಕ್ಕಿಂತ ಕಡಿಮೆ ಕೊಡಬಾರದು. ಅದೇ ಕನಿಷ್ಠ ಕೂಲಿ. ಇದಕ್ಕೆ 1948ರಲ್ಲಿ ಕಾಯ್ದೆ ಆಯಿತು. ಈಗ ಆ ಕಾಯ್ದೆಯ ಜಾಗದಲ್ಲಿ ವೇತನ ಸಂಹಿತೆ ಅನ್ನುವ ಹೊಸ ಕಾಯ್ದೆ ಬಂದಿದೆ. 2019ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂತು. ಒಂದೇ ಥರದ ಕೆಲಸಕ್ಕೆ ಗಂಡಸಿಗೊಂದು, ಹೆಂಗಸಿಗೊಂದು ಕೂಲಿ ಕೊಡಬಾರದು ಅನ್ನುವುದು 1976ರ ಕಾಯ್ದೆಯಲ್ಲಿತ್ತು. ಹೊಸ ಕಾಯ್ದೆಯಲ್ಲೂ ಇದೆ.

ಮೊದಮೊದಲು ಮನೆಗೆಲಸವನ್ನು ಯಾರೂ ಕೆಲಸ ಅಂತಲೇ ಎಣಿಸಿರಲಿಲ್ಲ. ಗಾರ್ಮೆಂಟ್ಸಿಗೆ, ಬೀಡಿಗೆ, ಅಗರಬತ್ತಿಗೆ ದರ ಇತ್ತು. ನಮಗೆ ಇರಲಿಲ್ಲ. ಮನೆಗೆಲಸದ ಹೆಂಗಸರು ಸಂಘ ಕಟ್ಟಿಕೊಂಡು ಕೇಳಿದರು. 2004ರಲ್ಲಿ ಕರ್ನಾಟಕ ಸರ್ಕಾರ ಮನೆಗೆಲಸಕ್ಕೂ ಕನಿಷ್ಠ ಕೂಲಿ ಗೊತ್ತುಮಾಡಿತು. ದೇಶದಲ್ಲಿ ಇದನ್ನು ಮೊದಮೊದಲು ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. 2011ರ ಜೂನ್ 16ರಂದು ಜಿನೀವಾ ಎಂಬ ಊರಿನಲ್ಲಿ ಲೋಕದ ದೇಶಗಳೆಲ್ಲ ಸೇರಿ ಮನೆಗೆಲಸದವರ ಹಕ್ಕಿನ ಒಪ್ಪಂದ ಮಾಡಿದವು. ಅದಕ್ಕೇ ಜೂನ್ 16ನ್ನು ಮನೆಗೆಲಸದವರ ದಿನ ಅಂತ ಆಚರಿಸುತ್ತೇವೆ. ನಮ್ಮ ದೇಶ ಅಲ್ಲಿ ಕೈಯೆತ್ತಿತು. ಮನೆಗೆ ಬಂದು ಒಪ್ಪಂದವನ್ನು ಇನ್ನೂ ಪಕ್ಕಾ ಮಾಡಿಲ್ಲ.

ಈ ವರ್ಷದ ದರ ಎಷ್ಟು? ಇಲ್ಲಿ ಅಚ್ಚು ಹಾಕಿದರೆ ಮುಂದಿನ ವರ್ಷ ಹಳತಾಗುತ್ತದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ತಾಲ್ಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರು ಇರುತ್ತಾರೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಇದೆ. "ಮನೆಗೆಲಸದವರ ಕನಿಷ್ಠ ಕೂಲಿ ಪಟ್ಟಿ, ಈ ವರ್ಷದ್ದು" ಅಂತ ಕೇಳಬೇಕು. ಪಟ್ಟಿಯನ್ನು ನಾವೇ ಓದಬಹುದು. ಯಾರ ಕೈಲೂ ಓದಿಸಬೇಕಾಗಿಲ್ಲ.

ಇಲ್ಲಿ ಒಂದು ನಿಜ ಹೇಳಬೇಕು. ಕಾರ್ಖಾನೆಗೆ ನಿರೀಕ್ಷಕರು ಹೋಗುತ್ತಾರೆ, ಹಾಜರಿ ಪುಸ್ತಕ ನೋಡುತ್ತಾರೆ. ಮನೆಯ ಅಡುಗೆಮನೆಗೆ ಯಾರೂ ಬರುವುದಿಲ್ಲ. ಕಾನೂನು ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ನಮ್ಮ ಸಂಬಳ ತಾನಾಗಿ ಏರುವುದಿಲ್ಲ. ದರ ಗೊತ್ತಿದ್ದರೆ ಮಾತಾಡುವಾಗ ನೆಲ ಗಟ್ಟಿ ಇರುತ್ತದೆ. ಅಷ್ಟರ ಮಟ್ಟಿಗೆ ಅದು ಉಪಯೋಗ.

ನಿಜವಾಗಿ ನಮ್ಮ ಸಂಬಳವನ್ನು ಯಾರು ಗೊತ್ತುಮಾಡುತ್ತಾರೆ ಗೊತ್ತಾ? ಆ ಬೀದಿ. ಆ ಬೀದಿಯಲ್ಲಿ ಎಲ್ಲರೂ ಎಷ್ಟು ಕೊಡುತ್ತಾರೋ ಅಷ್ಟು. ಅಮ್ಮಂದಿರು ಒಬ್ಬರನ್ನೊಬ್ಬರು ಕೇಳಿಕೊಂಡಿರುತ್ತಾರೆ. "ನಿಮ್ಮ ಮನೇಲಿ ಎಷ್ಟು ಕೊಡ್ತೀರಿ?" ಆದರೆ ನಾವು ಒಬ್ಬರಿಗೊಬ್ಬರು ಸಂಬಳ ಹೇಳುವುದಿಲ್ಲ. ಕಡಿಮೆ ಇದ್ದರೆ ನಾಚಿಕೆ. ಜಾಸ್ತಿ ಇದ್ದರೆ ದೃಷ್ಟಿ ಬೀಳುತ್ತದೆ ಅಂತ ಭಯ. ನಲ್ಲಿ ಹತ್ತಿರ, ಬಸ್ಸಿನಲ್ಲಿ, ಗೇಟಿನ ಹತ್ತಿರ ಎಲ್ಲ ಸುದ್ದಿ ಮಾತಾಡುತ್ತೇವೆ. ಇದೊಂದನ್ನು ಬಿಟ್ಟು. ನಾವು 3500 ಕೇಳಿದಾಗ ಪಕ್ಕದ ವಠಾರದವಳು 2800ಕ್ಕೆ ಬಂದು ನಿಂತರೆ ಅವಳನ್ನು ಬೈದು ಫಲ ಇಲ್ಲ. ಅವಳಿಗೆ ದರ ಗೊತ್ತಿರಲಿಲ್ಲ. ನಾವೇ ಮೊದಲು ಹೇಳಿದ್ದರೆ ಅವಳೂ 3500 ಅನ್ನುತ್ತಿದ್ದಳು. ಬೆಂಗಳೂರಿನಲ್ಲಿ ಮನೆಗೆಲಸದವರ ಸಂಘಗಳು ಇವೆ. ಅಂಥ ಕಡೆ ಹೋಗಿ ಕೂತರೆ ಯಾವ ಬಡಾವಣೆಯಲ್ಲಿ ಎಷ್ಟು ನಡೆಯುತ್ತಿದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಕೇಳಿದರೆ ಏನಾದೀತು?

ಈಗ ಕಷ್ಟದ ಭಾಗಕ್ಕೆ ಬಂದೆವು. ಆ 3000 ರೂಪಾಯಿ ಮನೆಯಲ್ಲಿ 500 ಜಾಸ್ತಿ ಕೇಳಬೇಕು ಅಂತ ಇದ್ದೇವೆ.

ಹೂಂ ಅಂದರೆ ತಿಂಗಳಿಗೆ 500. ವರ್ಷಕ್ಕೆ 6000 ರೂಪಾಯಿ.

ಬರಬೇಡ ಅಂದರೆ? ಬೇರೆ ಮನೆ ಸಿಗಲು ಒಂದು ತಿಂಗಳು ಬೇಕಾಯಿತು ಅನ್ನಿ. 3000 ನಷ್ಟ. ಹೊಸ ಮನೆಯಲ್ಲಿ 3500 ಕೊಟ್ಟರೆ ತಿಂಗಳಿಗೆ 500ರ ಹಾಗೆ ಆರು ತಿಂಗಳಲ್ಲಿ ಆ ನಷ್ಟ ತುಂಬಿಕೊಳ್ಳುತ್ತದೆ. ಬೇರೆ ಮನೆ ಸಿಗಲು ಮೂರು ತಿಂಗಳು ಬೇಕಾದರೆ ನಷ್ಟ 9000. ಅದನ್ನು ತುಂಬಿಕೊಳ್ಳಲು ಒಂದೂವರೆ ವರ್ಷ ಬೇಕು. ಹಾಗಾದರೆ ಕೇಳಬೇಕೋ ಬೇಡವೋ ಅನ್ನುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ. ಇನ್ನೊಂದು ಮನೆ ಎಷ್ಟು ದಿನದಲ್ಲಿ ಸಿಗುತ್ತದೆ?

ಅದಕ್ಕೆ ಉತ್ತರ ಮೊದಲು ಹುಡುಕಿಕೊಳ್ಳಿ. ವಾಚ್‌ಮನ್ ಅಣ್ಣನನ್ನು ಕೇಳಿ. ಇಸ್ತ್ರಿ ಅಂಗಡಿಯವರನ್ನು ಕೇಳಿ. ಯಾರ ಮನೆಗೆ ಕೆಲಸದವರು ಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಕೆಲವು ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆ ಬಿಟ್ಟವರನ್ನು ಅದೇ ಕಟ್ಟಡದ ಇನ್ನೊಂದು ಮನೆಗೆ ಸೇರಿಸಿಕೊಳ್ಳಬಾರದು ಅಂತ ಅವರವರೇ ಮಾತಾಡಿಕೊಂಡಿರುತ್ತಾರೆ. ಅಂಥ ಕಡೆ ಕೆಲಸ ಮಾಡುವವರು ಗೇಟಿನ ಹೊರಗೂ ಒಂದು ಮನೆ ನೋಡಿಟ್ಟುಕೊಂಡು ಮಾತಿಗೆ ಹೋಗಬೇಕು. ಕೈಯಲ್ಲಿ ಇನ್ನೊಂದು ಮನೆ ಇದ್ದರೆ ಧ್ವನಿಯೇ ಬೇರೆ ಥರ ಬರುತ್ತದೆ. ಹೇಳಿಕೊಡಬೇಕಾಗಿಲ್ಲ.

ಮುಂಗಡ ತೆಗೆದುಕೊಂಡಿದ್ದರೆ? ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ಹತ್ತು ಸಾವಿರ ತಂದಿರುತ್ತೇವೆ. ಸಾಲ ಇರುವಾಗ ಸಂಬಳ ಕೇಳಬಾರದು ಅಂತ ಎಲ್ಲೂ ಇಲ್ಲ. ಸಾಲ ಬೇರೆ, ಕೂಲಿ ಬೇರೆ. ಆದರೂ "ಮೊದಲು ನನ್ನ ದುಡ್ಡು ಇಡು" ಅಂದರೆ ಏನು ಮಾಡುತ್ತೇವೆ ಅಂತ ಮೊದಲೇ ಯೋಚಿಸಿರಬೇಕು. ಎಷ್ಟು ತೀರಿದೆ, ಎಷ್ಟು ಬಾಕಿ, ನಮ್ಮ ನೋಟ್‌ಬುಕ್ಕಿನಲ್ಲೂ ಇರಬೇಕು. ಅವರ ಡೈರಿಯಲ್ಲಿ ಮಾತ್ರ ಇದ್ದರೆ ಅವರು ಹೇಳಿದ್ದೇ ಲೆಕ್ಕ. ಕೆಲವರು ಮುಂಗಡ ಕೊಡುವುದೇ ನಾವು ಬಾಯಿ ತೆಗೆಯದಿರಲಿ ಅಂತ. ಅದೂ ಒಂದು ಬಗೆಯ ಬೀಗ.

ಕೆಲವು ಮನೆಯಲ್ಲಿ ಸಂಬಳ ಕಡಿಮೆ ಇದ್ದರೂ ಕೇಳದೆ ಇರುವುದೇ ಸರಿ ಅನ್ನಿಸಬಹುದು. ಮಗುವಿಗೆ ಜ್ವರ ಅಂದರೆ "ಹೋಗು, ನಾನು ನೋಡ್ಕೋತೀನಿ" ಅನ್ನುವ ಅಮ್ಮ ಇರುತ್ತಾರೆ. ಆ ಮನೆ ನಮ್ಮ ಮನೆಯಿಂದ ಐದು ನಿಮಿಷದ ದಾರಿ ಇರುತ್ತದೆ. ಅವರ ಮನೆಯಲ್ಲೇ ಆಸ್ಪತ್ರೆ ಖರ್ಚು ಬಂದಿರುತ್ತದೆ. ಆಗ ಆರು ತಿಂಗಳು ತಡೆದರೆ ತಪ್ಪಿಲ್ಲ. ಇನ್ನು ಕೆಲವು ಮನೆಯಲ್ಲಿ ಸಂಬಳ ಪರವಾಗಿಲ್ಲ. ಆದರೆ ನಮಗೆ ಬೇರೆ ಲೋಟ ಇಟ್ಟಿರುತ್ತಾರೆ. ನಾಲ್ಕು ಗಂಟೆ ದುಡಿದರೂ ಬಚ್ಚಲುಮನೆಗೆ ಹೋಗಲು ಬಿಡುವುದಿಲ್ಲ. ಆ ಬಚ್ಚಲನ್ನು ತೊಳೆಯುವವರು ನಾವೇ. ಅಂಥ ಮನೆಯಲ್ಲಿ 500 ಜಾಸ್ತಿ ಕೇಳುವುದೋ, ಅಲ್ಲಿಂದ ಕಾಲು ತೆಗೆಯುವುದೋ, ಅದನ್ನು ಅವರವರೇ ಯೋಚಿಸಬೇಕು. ನಮ್ಮನ್ನು ಕೇಳಿದರೆ, ಬೇರೆ ಮನೆ ಸಿಕ್ಕಿದ ದಿನ ಹೊರಡುವುದೇ ಮೇಲು.

ಮಾತು ಹೇಗೆ ತೆಗೆಯಬೇಕು?

ಸಂಬಳ ಕೊಡುವ ದಿನಕ್ಕೆ ಒಂದು ವಾರ ಮುಂಚೆ ಕೇಳಿ. ಸಂಬಳ ಎಣಿಸಿ ಕೈಗೆ ಕೊಡುವಾಗ ಕೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ನೆಂಟರಿದ್ದಾಗ ಬೇಡ. ಬೆಳಗ್ಗೆ ಅವರು ಆಫೀಸಿಗೆ ಓಡುವ ಹೊತ್ತು ಬೇಡ. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಎದುರಿಗೆ ನಿಂತು ಹೇಳಿ. ನೆಲ ಒರೆಸುತ್ತಾ, ನೆಲ ನೋಡುತ್ತಾ ಹೇಳಬೇಡಿ. ಮನೆಯಲ್ಲಿ ದುಡ್ಡಿನ ತೀರ್ಮಾನ ಅಯ್ಯನದಾದರೆ ಅಮ್ಮ ಒಬ್ಬರೇ ಹೂಂ ಅನ್ನಲಾರರು. ಅವರಿಗೆ ಎರಡು ದಿನ ಕೊಡಿ.

ಮಾತು ಹೀಗಿರಬಹುದು.

"ಅಮ್ಮಾ, ಒಂದು ಮಾತು. ನಿಮ್ಮ ಮನೆಗೆ ಬಂದು ಮೂರು ವರ್ಷ ಆಯ್ತು. ಆಗ ಇಬ್ಬರಿದ್ರಿ, ಈಗ ಐದು ಜನ. ತರಕಾರಿ ಹೆಚ್ಚೋದು, ಬಚ್ಚಲು ತೊಳೆಯೋದು ಸೇರಿದೆ. ಬರೋ ತಿಂಗಳಿಂದ 3500 ಮಾಡಿ."

"ಒಂದೇ ಸಲ ಐನೂರಾ! ಇನ್ನೂರು ತಗೋ."

"ಬೀದಿಲಿ ಎಲ್ಲಾ ಕಡೆ ಇಷ್ಟೇ ಇದೆ ಅಮ್ಮಾ. ನಿಮಗೆ ಅಷ್ಟು ಆಗಲ್ಲ ಅಂದ್ರೆ ಬಚ್ಚಲು, ತರಕಾರಿ ಬಿಡ್ತೀನಿ. ಮೊದಲಿನ ಕೆಲಸ ಮಾಡ್ತೀನಿ."

ಈ ಕೊನೆಯ ಮಾತನ್ನು ನೋಡಿ. ದುಡ್ಡು ಕೊಡಲಾಗದಿದ್ದರೆ ಕೆಲಸ ಕಡಿಮೆ ಮಾಡಿ ಅಂತ ಕೇಳಿದೆವು. ಹೊತ್ತು ಉಳಿದರೆ ಅದೂ ದುಡ್ಡೇ. ಭಾನುವಾರ ರಜ ಕೊಡಿ ಅಂತಲೂ ಕೇಳಬಹುದು. ವಾರಕ್ಕೊಂದು ರಜ ಸಿಕ್ಕರೆ ಗಂಟೆ ಲೆಕ್ಕದಲ್ಲಿ ಸಂಬಳ ಜಾಸ್ತಿಯಾದ ಹಾಗೆಯೇ. ಹಾಂ, ಎಷ್ಟು ಬೇಕು ಅಂತ ನಾವೇ ಹೇಳಬೇಕು. "ಏನಾದ್ರೂ ನೋಡಿ ಮಾಡಿ ಅಮ್ಮಾ" ಅಂದರೆ ಅವರು ನೋಡಿಯೇ ಮಾಡುತ್ತಾರೆ. ನೂರು ರೂಪಾಯಿ.

ಸಂಬಳವನ್ನು ಫೋನಿಗೆ ಹಾಕುತ್ತೇವೆ ಅಂದರೆ ಒಳ್ಳೆಯದೇ. ಯಾವ ತಾರೀಖು ಎಷ್ಟು ಬಂತು ಅನ್ನುವ ಗುರುತು ಉಳಿಯುತ್ತದೆ. ಆದರೆ ಅದು ಯಾರ ಖಾತೆ ನೋಡಿಕೊಳ್ಳಿ. ಗಂಡನ ಖಾತೆಗೆ ಹೋದರೆ ಜಾಸ್ತಿಯಾದ 500 ನಮ್ಮ ಕಣ್ಣಿಗೂ ಬೀಳುವುದಿಲ್ಲ.

ಹೂಂ ಅಂದರೆ ಯಾವ ತಿಂಗಳಿಂದ, ಎಷ್ಟು ಅಂತ ಅವರ ಎದುರಿಗೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. "ನೋಡೋಣ, ಹಬ್ಬ ಕಳೀಲಿ" ಅಂದರೆ ಅದನ್ನೂ ತಾರೀಖು ಹಾಕಿ ಬರೆಯಿರಿ. ಹಬ್ಬ ಕಳೆದ ಮಾರನೇ ವಾರ ಮತ್ತೆ ಕೇಳಿ. ಆಗಲ್ಲ ಅಂದರೆ ಅಂದೇ ಸಿಟ್ಟು ಮಾಡಿಕೊಂಡು ಬರಬೇಡಿ. ಮರುದಿನವೂ ಹೋಗಿ ಎಂದಿನಂತೆ ಕೆಲಸ ಮಾಡಿ, ಬೇರೆ ಮನೆ ನೋಡುತ್ತಾ ಇರಿ. ಬಿಡುವುದು ಅಂತ ತೀರ್ಮಾನ ಆದಾಗ ಮೊದಲೇ ತಿಳಿಸಿ. ಮನೆ ಬಿಟ್ಟು ಹೋದವರ ಮೇಲೆ ಆಮೇಲೆ ಉಂಗುರ ಕಾಣುತ್ತಿಲ್ಲ, ಚಮಚ ಕಾಣುತ್ತಿಲ್ಲ ಅಂತ ದೂರು ಹೇಳಿದ್ದುಂಟು. ಆದ್ದರಿಂದ ಕೊನೆಯ ದಿನ ಬಾಕಿ ಸಂಬಳ ಎಣಿಸಿ ತೆಗೆದುಕೊಳ್ಳಿ. ಬೀಗದ ಕೈ ನಮ್ಮ ಹತ್ತಿರ ಇದ್ದರೆ ಅದನ್ನು ವಾಚ್‌ಮನ್ ಕೈಗೆ ಕೊಡಬೇಡಿ, ಮಕ್ಕಳ ಕೈಗೂ ಬೇಡ. ಅಮ್ಮನ ಕೈಗೇ ಕೊಡಿ. ಇನ್ನೊಬ್ಬರು ನೋಡುತ್ತಿರುವಾಗ ಕೊಡಿ. ಕೊಟ್ಟ ತಾರೀಖು, ಹೊತ್ತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.